ಮನೆ ಮಾಲೀಕರ ಚೀಟಿ, ಬಾಡಿಗೆದಾರರ ದಂಡ: ಬ್ಯಾಂಕಾಕ್‌ನ ಭಾರತೀಯ ರಾಯಭಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ರಾಯಭಾರಿಗಳು,
ಭಾರತೀಯ ರಾಯಭಾರ ಕಚೇರಿ,
ಬ್ಯಾಂಕಾಕ್, ಥಾಯ್ಲೆಂಡ್.

ವಿಷಯ: ಡಿಟಿವಿ ವೀಸಾದಲ್ಲಿರುವ ಭಾರತೀಯರಿಗೆ 90 ದಿನಗಳ ವರದಿ ಹಾಗೂ ಟಿಎಂ 30 ವಿಳಾಸ ನೋಂದಣಿಯಲ್ಲಿ ಎದುರಾಗುತ್ತಿರುವ ತೊಡಕುಗಳು.

ಮಾನ್ಯರೇ,

ಥಾಯ್ಲೆಂಡ್ ಸರ್ಕಾರ 2024ರ ಜುಲೈನಲ್ಲಿ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’ ತಂದಿತು. ಎಲ್ಲರ ಬಾಯಲ್ಲೂ ಅದು ಡಿಟಿವಿ. ಹೊರದೇಶದ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲೇ ಕೆಲಸ ಮಾಡಿಕೊಂಡು ಈ ದೇಶದಲ್ಲಿ ಇರಬಯಸುವವರಿಗಾಗಿ ಮಾಡಿದ ವೀಸಾ ಇದು. ಅವಧಿ 5 ವರ್ಷ. ಎಷ್ಟು ಸಲವಾದರೂ ಬಂದು ಹೋಗಬಹುದು, ಪ್ರತಿ ಸಲ ಒಳಬಂದಾಗಲೂ 180 ದಿನ ಸಿಗುತ್ತದೆ. ಅರ್ಜಿ ಹಾಕುವವರಿಗೆ 20 ವರ್ಷ ತುಂಬಿರಬೇಕು, ಖಾತೆಯಲ್ಲಿ ಥಾಯ್ ಹಣದಲ್ಲಿ 5,00,000 ಬಾತ್ ಇರುವುದನ್ನು ತೋರಿಸಬೇಕು. ಕೆಲಸದ ಪತ್ರ, ಬ್ಯಾಂಕ್ ವಿವರ ಎಲ್ಲವನ್ನೂ ಜಾಲಾಡಿ ನೋಡಿದ ಮೇಲೆಯೇ ವೀಸಾ ಕೈಗೆ ಬರುತ್ತದೆ. ಇದರ ಬಗ್ಗೆ ಯಾರ ತಕರಾರೂ ಇಲ್ಲ.

ತಕರಾರಿರುವುದು ಒಳಬಂದ ಮೇಲಿನ ವಿಷಯಕ್ಕೆ. ವೀಸಾ ಕೊಡುವಾಗ ಇಷ್ಟೊಂದು ಕೇಳಿದ ವ್ಯವಸ್ಥೆ, ಒಳಬಂದವರು ಇನ್ನು ಮುಂದೆ ಯಾವ ದಿನ ಯಾವ ಕಚೇರಿಗೆ ಏನು ತಿಳಿಸಬೇಕು ಎನ್ನುವುದನ್ನು ಒಂದು ಸಾಲಿನಲ್ಲಾದರೂ ಬರೆದು ಕೈಗೆ ಕೊಡುವುದಿಲ್ಲ. ನಿಯಮ ಪಾಲಿಸುವ ಮನಸ್ಸಿದ್ದವರೂ ತಪ್ಪಿ ಬೀಳುತ್ತಿರುವುದು ಇಲ್ಲೇ. ಥಾಯ್ ನಿಯಮವನ್ನು ತಾವು ಬದಲಿಸಲಾಗದು ಎಂಬುದು ನಮಗೆ ಗೊತ್ತು. ಆದರೆ ಇಲ್ಲಿನ ವಲಸೆ ಇಲಾಖೆಯೊಂದಿಗೆ ನಮ್ಮ ಪರವಾಗಿ ಅಧಿಕೃತವಾಗಿ ಮಾತಾಡಬಲ್ಲವರು ತಾವೊಬ್ಬರೇ. ಆದ್ದರಿಂದ ಈ ಪತ್ರ.

ಪಾಸ್‌ಪೋರ್ಟಿನ ಪುಟದ ಮೇಲೆ ಬೀಳುವ ಪ್ರವೇಶ ಮುದ್ರೆಯಿಂದಲೇ ಶುರು ಮಾಡೋಣ. ಅದರಲ್ಲಿರುವುದು ಎರಡು ದಿನಾಂಕ. ಒಂದು ಒಳಬಂದ ದಿನ, ಇನ್ನೊಂದು ಎಲ್ಲಿಯವರೆಗೆ ಇರಬಹುದು ಎಂಬ ದಿನ. ಮೂರನೆಯ ದಿನಾಂಕವೊಂದಿದೆ, ಮುದ್ರೆಯಲ್ಲಿ ಅದು ಕಾಣುವುದಿಲ್ಲ. 1979ರ ವಲಸೆ ಕಾಯ್ದೆಯ 37ನೇ ಕಲಮಿನ ಪ್ರಕಾರ, ಸತತವಾಗಿ 90 ದಿನ ದಾಟಿ ದೇಶದೊಳಗೆ ಇರುವವರು ತಾವು ಎಲ್ಲಿ ವಾಸವಿದ್ದೇವೆ ಎಂದು ವಲಸೆ ಕಚೇರಿಗೆ ತಿಳಿಸಬೇಕು, ಆಮೇಲೆ ಪ್ರತಿ 90 ದಿನಕ್ಕೊಮ್ಮೆ ತಿಳಿಸುತ್ತಲೇ ಇರಬೇಕು. ಅದಕ್ಕಿರುವ ನಮೂನೆ ಟಿಎಂ 47. ಮೊದಲ ಗಡುವನ್ನು ನಾವೇ ಬೆರಳು ಮಡಿಸಿ ಎಣಿಸಿಕೊಳ್ಳಬೇಕು. ಮೊದಲ ವರದಿ ಕೊಟ್ಟ ಮೇಲೆ ಸಿಗುವ ಚೀಟಿಯಲ್ಲಷ್ಟೇ ಮುಂದಿನ ದಿನಾಂಕ ಅಚ್ಚಾಗಿರುತ್ತದೆ.

ಎಣಿಕೆಯಲ್ಲೇ ಎಡವಟ್ಟಾಗುತ್ತದೆ. ಒಳಬಂದ ದಿನವೇ ಮೊದಲನೆಯ ದಿನ, ಮರುದಿನವಲ್ಲ. 2025ರ ಸೆಪ್ಟೆಂಬರ್ 1ರಂದು ಒಬ್ಬರು ಬಂದಿಳಿದರು ಎಂದುಕೊಳ್ಳಿ. ಸೆಪ್ಟೆಂಬರ್‌ನ 30, ಅಕ್ಟೋಬರ್‌ನ 31, ಸೇರಿ 61. ತೊಂಬತ್ತನೆಯ ದಿನ ನವೆಂಬರ್ 29ಕ್ಕೆ ಬೀಳುತ್ತದೆ. ‘ಮೂರು ತಿಂಗಳು’ ಎಂದು ಅಂದಾಜಿನಲ್ಲಿ ಡಿಸೆಂಬರ್ 1 ಎಂದು ಬರೆದಿಟ್ಟುಕೊಂಡವರಿಗೆ ಎರಡು ದಿನ ಆಗಲೇ ಕೈತಪ್ಪಿತು. ಕಚೇರಿಗೆ ಖುದ್ದಾಗಿ ಹೋಗುವವರಿಗೆ ಗಡುವಿಗಿಂತ 15 ದಿನ ಮೊದಲಿನಿಂದ ಗಡುವು ಮುಗಿದ 7 ದಿನದವರೆಗೆ ಅವಕಾಶವಿದೆ. ಅಂದರೆ ನವೆಂಬರ್ 14ರಿಂದ ಡಿಸೆಂಬರ್ 6. ಕಾಗದದ ಮೇಲೆ ಧಾರಾಳವಾಗಿಯೇ ಕಾಣುತ್ತದೆ. ಆದರೆ ಆ ನವೆಂಬರ್ 29 ಶನಿವಾರ, ಡಿಸೆಂಬರ್ 6 ಕೂಡ ಶನಿವಾರ, ಡಿಸೆಂಬರ್ 5 ಥಾಯ್ಲೆಂಡ್‌ನಲ್ಲಿ ಸಾರ್ವಜನಿಕ ರಜೆ. ಹಾಗಾಗಿ ನಿಜವಾದ ಕೊನೆಯ ದಿನ ಡಿಸೆಂಬರ್ 4ರ ಗುರುವಾರ. ಏಪ್ರಿಲ್ ಮಧ್ಯದ ಸೋಂಗ್‌ಕ್ರಾನ್ ಹಬ್ಬದ ಸುತ್ತ ಗಡುವು ಬಿದ್ದವರ ಪಾಡೂ ಇದೇ.

ಆನ್‌ಲೈನ್‌ನಲ್ಲಿ ವರದಿ ಕೊಡುವವರಿಗೆ ಕೊನೆಯ ಆ 7 ದಿನಗಳ ರಿಯಾಯಿತಿ ಇಲ್ಲ. ಗಡುವು ದಾಟಿತೆಂದರೆ ಪೋರ್ಟಲ್ ಬಾಗಿಲು ಮುಚ್ಚಿದಂತೆಯೇ, ಕಚೇರಿಗೇ ಹೋಗಬೇಕು. ಅಂಚೆಯಲ್ಲಿ ಕಳಿಸುವುದಾದರೆ ಗಡುವಿಗೆ ಕನಿಷ್ಠ 15 ದಿನ ಮೊದಲೇ ರಿಜಿಸ್ಟರ್ಡ್ ಅಂಚೆಗೆ ಹಾಕಬೇಕು, ಪಾಸ್‌ಪೋರ್ಟ್ ಪುಟಗಳ ನಕಲು, ಹಳೆಯ ಚೀಟಿ, ತುಂಬಿದ ನಮೂನೆ, ಜೊತೆಗೆ ಸ್ವಂತ ವಿಳಾಸ ಬರೆದು ಸ್ಟಾಂಪು ಹಚ್ಚಿದ ಲಕೋಟೆ. ಹೀಗೆ ಒಂದೇ ವರದಿಗೆ ಮೂರು ದಾರಿ, ಮೂರಕ್ಕೂ ಬೇರೆ ಬೇರೆ ಕೊನೆಯ ದಿನ. ತಡವಾಗಿ ತಾವಾಗಿಯೇ ಹೋದವರಿಗೆ 2,000 ಬಾತ್ ದಂಡ. ತಡವಾದದ್ದು ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದಂಡ ಇನ್ನೂ ಹೆಚ್ಚು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಇದರ ಪರಿಣಾಮ ದೊಡ್ಡದು. 90 ದಿನಗಳ ವರದಿಯ ಚೀಟಿ ಕೈಗೆ ಬಂದ ಕೂಡಲೇ ತಮ್ಮ ವಾಸದ ಅವಧಿ ಇನ್ನೂ 90 ದಿನ ಮುಂದೆ ಹೋಯಿತು ಎಂದುಕೊಳ್ಳುವವರಿದ್ದಾರೆ. ಖಂಡಿತ ಇಲ್ಲ. ಆ ವರದಿ ವಿಳಾಸದ ಲೆಕ್ಕ ಮಾತ್ರ, ವೀಸಾ ವಿಸ್ತರಣೆಗೂ ಅದಕ್ಕೂ ಸಂಬಂಧವಿಲ್ಲ. ಮುದ್ರೆಯಲ್ಲಿರುವ ದಿನ ದಾಟಿ ಉಳಿದರೆ ಅದು ಓವರ್‌ಸ್ಟೇ. ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್. 90 ದಿನಕ್ಕಿಂತ ಹೆಚ್ಚು ಹಾಗೆ ಉಳಿದು ತಾವಾಗಿ ಹೊರಟರೂ 1 ವರ್ಷ ಮತ್ತೆ ಒಳಬರುವಂತಿಲ್ಲ. ಸಿಕ್ಕಿಬಿದ್ದವರಿಗೆ, ಅವಧಿ ಮೀರಿದ್ದು ಒಂದು ವರ್ಷದೊಳಗೇ ಆದರೂ, ನಿಷೇಧ 5 ವರ್ಷ. ಮೇಲಿನ ಉದಾಹರಣೆಯಲ್ಲೇ ನೋಡಿ: ಸೆಪ್ಟೆಂಬರ್ 1ಕ್ಕೆ ಬಂದವರ 180ನೆಯ ದಿನ 2026ರ ಫೆಬ್ರವರಿ 27. ಡಿಸೆಂಬರ್‌ನಲ್ಲಿ ವರದಿ ಕೊಟ್ಟು ಮಾರ್ಚ್ ತನಕ ನೆಮ್ಮದಿ ಎಂದುಕೊಂಡವರು ಫೆಬ್ರವರಿ 28ರ ಬೆಳಗಾಗುವಷ್ಟರಲ್ಲಿ ಅಕ್ರಮ ವಾಸಿಗಳಾಗಿರುತ್ತಾರೆ. ಥಾಯ್ ಭಾಷೆಯ ದಾಖಲೆಗಳಲ್ಲಿ ವರ್ಷ ಬುದ್ಧ ಶಕೆಯಲ್ಲಿರುತ್ತದೆ, 2026 ಎಂದರೆ 2569. ಚೀಟಿಯ ಮೂಲೆಯಲ್ಲಿ ಬರೀ ‘69’ ಎಂದು ಗೀಚಿದ್ದರೆ ಹೊಸಬರಿಗೆ ಅದು ವರ್ಷವೆಂದೇ ಹೊಳೆಯುವುದಿಲ್ಲ.

ಇಷ್ಟರವರೆಗಿನದ್ದು ಎಚ್ಚರದಿಂದ ಎಣಿಸಿದರೆ ನಿಭಾಯಿಸಬಹುದಾದ ವಿಷಯ. ಎಷ್ಟು ಎಚ್ಚರವಿದ್ದರೂ ನಿಭಾಯಿಸಲಾಗದ್ದು ಟಿಎಂ 30. ನಮ್ಮ ದೂರಿನ ತಿರುಳೇ ಇದು.

ಕಾಯ್ದೆಯ 38ನೇ ಕಲಮು ಹೇಳುವುದು ಇಷ್ಟು: ವಿದೇಶಿಯೊಬ್ಬರು ಮನೆಗೆ ಬಂದು ತಂಗಿದ 24 ಗಂಟೆಯೊಳಗೆ ಆ ಮನೆಯ ಯಜಮಾನ, ಮಾಲೀಕ ಅಥವಾ ಹೋಟೆಲಿನ ವ್ಯವಸ್ಥಾಪಕ ವಲಸೆ ಕಚೇರಿಗೆ ತಿಳಿಸಬೇಕು. ಅದಕ್ಕಿರುವ ನಮೂನೆಯೇ ಟಿಎಂ 30. ತಿಳಿಸದಿದ್ದರೆ ಮನೆಯವರಿಗೆ 2,000 ಬಾತ್‌ವರೆಗೆ, ಹೋಟೆಲಿನವರಿಗೆ 2,000ದಿಂದ 10,000 ಬಾತ್‌ವರೆಗೆ ದಂಡ. ಹೋಟೆಲುಗಳಲ್ಲಿ ಇದು ದಿನನಿತ್ಯದ ಕೆಲಸ, ಸ್ವಾಗತ ಕೌಂಟರಿನಲ್ಲೇ ಮುಗಿದುಹೋಗುತ್ತದೆ. ಕಾಂಡೋಮಿನಿಯಂನ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟ ಮಾಲೀಕರ ವಿಷಯ ಹಾಗಲ್ಲ. ಕೆಲವರಿಗೆ ಇಂಥ ನಿಯಮ ಇರುವುದೇ ಗೊತ್ತಿಲ್ಲ. ಕೆಲವರು ಬೇರೆ ದೇಶದಲ್ಲಿರುತ್ತಾರೆ, ಬಾಡಿಗೆ ವಸೂಲಿಗೆ ಏಜೆಂಟರು ಇರುತ್ತಾರೆ. ಬಾಡಿಗೆ ಆದಾಯ ಸರ್ಕಾರದ ಕಣ್ಣಿಗೆ ಬಿದ್ದೀತು ಎಂದು ತೆರಿಗೆಗೆ ಅಂಜುವವರು ಕೆಲವರು. ಇನ್ನು 30 ದಿನಕ್ಕಿಂತ ಕಡಿಮೆ ಅವಧಿಗೆ ಕೋಣೆ ಕೊಡುವವರು 2004ರ ಹೋಟೆಲ್ ಕಾಯ್ದೆಗೇ ಸಿಕ್ಕಿಬೀಳುವ ಭಯದಲ್ಲಿರುತ್ತಾರೆ, ಅವರಂತೂ ಬಾಯೇ ಬಿಡುವುದಿಲ್ಲ.

ಮಾಲೀಕರು ತಿಳಿಸದೆ ಹೋದದ್ದು ಬಾಡಿಗೆದಾರರಿಗೆ ಗೊತ್ತಾಗುವುದು ಯಾವಾಗ? ತಿಂಗಳುಗಳಾದ ಮೇಲೆ, 90 ದಿನಗಳ ವರದಿಗೆಂದು ಹೋಗಿ ಸಾಲಿನಲ್ಲಿ ನಿಂತು ಕೌಂಟರ್ ತಲುಪಿದಾಗ. ಅಧಿಕಾರಿ ಮೊದಲು ಹುಡುಕುವುದು ಟಿಎಂ 30 ಚೀಟಿಯನ್ನು. ನಮೂನೆಯ ಕೆಳತುದಿಯನ್ನು ಹರಿದು, ಮುದ್ರೆ ಒತ್ತಿ, ಪಾಸ್‌ಪೋರ್ಟಿಗೆ ಸ್ಟೇಪಲ್ ಮಾಡಿಕೊಡುವ ಅಂಗೈ ಅಗಲದ ಕಾಗದದ ತುಂಡದು. ಅದಿಲ್ಲದಿದ್ದರೆ ಕೆಲವು ಕಚೇರಿಗಳಲ್ಲಿ ವರದಿ ತೆಗೆದುಕೊಳ್ಳುವುದಿಲ್ಲ, ಮೊದಲು ಅದನ್ನು ಸರಿಮಾಡಿಸಿಕೊಂಡು ಬನ್ನಿ ಎನ್ನುತ್ತಾರೆ. ಮಾಲೀಕರು ಫೋನ್ ಎತ್ತುವುದಿಲ್ಲ. ವರದಿಯ ಗಡುವು ಮಾತ್ರ ಕಾಯುವುದಿಲ್ಲ. ಕೊನೆಗೆ ಮಾಲೀಕರು ಕಟ್ಟಬೇಕಾದ ದಂಡವನ್ನು ಬಾಡಿಗೆದಾರರೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತೇವಲ್ಲ, ಅದು ಇದೇ.

ಇಲ್ಲೊಂದು ಕಾನೂನಿನ ಅಂಶವನ್ನು ತಮ್ಮ ಗಮನಕ್ಕೆ ತರಲೇಬೇಕು. ಅದೇ ಕಾಯ್ದೆಯ 4ನೇ ಕಲಮು ‘ಮನೆಯ ಯಜಮಾನ’ ಎಂದರೆ ಯಾರು ಎಂದು ವಿವರಿಸುತ್ತದೆ. ಮಾಲೀಕನಾಗಿಯೋ, ಬಾಡಿಗೆದಾರನಾಗಿಯೋ, ಬೇರಾವ ನೆಲೆಯಲ್ಲೋ ಮನೆಯನ್ನು ಮುಖ್ಯವಾಗಿ ಸ್ವಾಧೀನದಲ್ಲಿ ಇಟ್ಟುಕೊಂಡವರು ಯಜಮಾನರು ಎಂಬುದು ಅದರ ಅರ್ಥ. ಅಂದರೆ ಕರಾರುಪತ್ರ ಮಾಡಿಕೊಂಡು ಒಬ್ಬರೇ ವಾಸವಿರುವ ಬಾಡಿಗೆದಾರರೂ ಕಾನೂನಿನ ಕಣ್ಣಲ್ಲಿ ಯಜಮಾನರೇ. ಹಾಗಿದ್ದರೆ ತಮ್ಮ ಟಿಎಂ 30ನ್ನು ತಾವೇ ಸಲ್ಲಿಸಲು ಏನಡ್ಡಿ? ಅಡ್ಡಿ ಇರುವುದು ಕಾಗದಗಳಲ್ಲಿ. ಮಾಲೀಕರ ಗುರುತಿನ ಚೀಟಿಯ ಸಹಿ ಮಾಡಿದ ನಕಲು, ಮನೆಯ ನೋಂದಣಿ ಪುಸ್ತಕವಾದ ತಬಿಯನ್ ಬಾನ್‌ನ ನಕಲು, ಕರಾರುಪತ್ರ, ಬೇರೆಯವರು ಸಲ್ಲಿಸುವುದಾದರೆ ಅಧಿಕಾರಪತ್ರ. ಇವುಗಳಲ್ಲಿ ಕರಾರುಪತ್ರವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮಾಲೀಕರ ಕೈಯಲ್ಲಿ. ಆನ್‌ಲೈನ್ ಖಾತೆ ತೆರೆಯಲೂ ಮನೆಯ ದಾಖಲೆಗಳೇ ಬೇಕು. ದಂಡ ವಸೂಲಿ ಮಾಡುವಾಗ ಬಾಡಿಗೆದಾರರು ಯಜಮಾನರು, ನಮೂನೆ ಸ್ವೀಕರಿಸುವಾಗ ಅಲ್ಲ. ಈ ಎರಡು ನಾಲಿಗೆಯ ನ್ಯಾಯವನ್ನು ಸರಿಪಡಿಸಬೇಕೆಂಬುದೇ ನಮ್ಮ ಮುಖ್ಯ ಅಹವಾಲು.

ಒಮ್ಮೆ ನೋಂದಣಿಯಾದರೂ ಅಲ್ಲಿಗೆ ಮುಗಿಯುವುದಿಲ್ಲ. 2020ರ ಜೂನ್‌ನಲ್ಲಿ ಒಂದು ಸಡಿಲಿಕೆ ಬಂತು. ಬಹುಪ್ರವೇಶ ವೀಸಾ ಇರುವವರು ಬೇರೆ ಊರಿಗೋ ದೇಶದ ಹೊರಗೋ ಹೋಗಿ ಅದೇ ವಿಳಾಸಕ್ಕೆ ಮರಳಿದರೆ ಮತ್ತೆ ಟಿಎಂ 30 ಬೇಡ. ಒಳ್ಳೆಯ ಸಡಿಲಿಕೆಯೇ. ಆದರೆ ಎಲ್ಲ ಪ್ರಾಂತ್ಯದ ಕಚೇರಿಗಳೂ ಅದನ್ನು ಒಂದೇ ರೀತಿ ನೋಡುವುದಿಲ್ಲ, ಮರಳಿದ ಪ್ರತಿ ಸಲವೂ ಹೊಸ ಚೀಟಿ ಕೇಳುವ ಕಡೆಯೂ ಇದೆ. ಚಿಯಾಂಗ್ ಮಾಯ್‌ನಲ್ಲಿ ಮನೆ ಮಾಡಿದವರು ವಾರಾಂತ್ಯಕ್ಕೆ ಫುಕೆಟ್‌ಗೆ ಹೋಗಿ ಹೋಟೆಲಿನಲ್ಲಿ ಉಳಿದರೆ, ಆ ಹೋಟೆಲು ತನ್ನ ಕರ್ತವ್ಯದಂತೆ ಟಿಎಂ 30 ಸಲ್ಲಿಸುತ್ತದೆ. ಆಗ ಇಲಾಖೆಯ ಕಡತದಲ್ಲಿ ಅವರ ಇತ್ತೀಚಿನ ವಿಳಾಸ ಫುಕೆಟ್. ಮನೆಗೆ ಮರಳಿ ಚಿಯಾಂಗ್ ಮಾಯ್ ವಿಳಾಸ ಹಾಕಿ ಆನ್‌ಲೈನ್ ವರದಿ ಸಲ್ಲಿಸಿದರೆ ಎರಡೂ ತಾಳೆಯಾಗದೆ ಅರ್ಜಿ ತಿರಸ್ಕಾರವಾಗಬಹುದು. ತಿರಸ್ಕಾರದ ಇಮೇಲಿನಲ್ಲಿ ಕಾರಣ ಬಿಡಿಸಿ ಹೇಳಿರುವುದೂ ಅಪರೂಪ, ಹತ್ತಿರದ ಕಚೇರಿಗೆ ಹೋಗಿ ಎಂದಷ್ಟೇ ಇರುತ್ತದೆ. ಅದಕ್ಕೇ ಅನುಭವವಿದ್ದವರು ಅವಕಾಶ ತೆರೆದ ಮೊದಲ ಒಂದೆರಡು ದಿನದಲ್ಲೇ ಆನ್‌ಲೈನ್ ಅರ್ಜಿ ಹಾಕುತ್ತಾರೆ, ತಿರಸ್ಕಾರವಾದರೂ ಕಚೇರಿಗೆ ಓಡಲು ಸಮಯ ಉಳಿಯಲಿ ಎಂದು. ದೇಶದಿಂದ ಹೊರಗೆ ಹೋಗಿ ಬಂದವರ 90 ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಹಳೆಯ ಚೀಟಿಯ ದಿನಾಂಕಕ್ಕೆ ಆಮೇಲೆ ಬೆಲೆಯಿಲ್ಲ.

ನಮ್ಮವರಿಗೆ, ಅದರಲ್ಲೂ ದಕ್ಷಿಣದವರಿಗೆ, ಇನ್ನೊಂದು ಕಾಟವಿದೆ. ಕರ್ನಾಟಕದವರ ಹೆಸರುಗಳು ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್‌ಗಳಿಂದ ಕೂಡಿದವು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನು ಒಂದೇ ಕಡೆ ಬರೆಸಿದವರು ಸಾವಿರಾರು ಮಂದಿ. ಕುಲನಾಮ ಇಲ್ಲದೆ ಮುಂದಕ್ಕೆ ಹೋಗದ ಆನ್‌ಲೈನ್ ನಮೂನೆ ಎದುರಾದಾಗ ಒಬ್ಬರು ಅಡ್ಡಗೆರೆ ಹಾಕುತ್ತಾರೆ, ಒಬ್ಬರು ತಂದೆಯ ಹೆಸರನ್ನು ಕತ್ತರಿಸಿ ಅಲ್ಲಿಡುತ್ತಾರೆ, ಇನ್ನೊಬ್ಬರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಹೋಟೆಲಿನವರು ಒಂದು ಬಗೆಯಲ್ಲಿ, ಮಾಲೀಕರು ಇನ್ನೊಂದು ಬಗೆಯಲ್ಲಿ, ವಿಮಾನ ನಿಲ್ದಾಣದಲ್ಲಿ ಮತ್ತೊಂದು ಬಗೆಯಲ್ಲಿ ದಾಖಲಾದ ಮೇಲೆ ಒಬ್ಬರೇ ಮನುಷ್ಯರು ಕಡತದಲ್ಲಿ ಮೂವರಾಗುತ್ತಾರೆ. ಈ ತೊಡಕು ಪಶ್ಚಿಮದ ದೇಶದವರಿಗೆ ಅಷ್ಟಾಗಿ ಇಲ್ಲ, ಹಾಗಾಗಿ ಅದನ್ನು ಎತ್ತಿ ಹೇಳುವವರೂ ಇಲ್ಲ. ನಾವೇ ಹೇಳಬೇಕು.

ಪಾಸ್‌ಪೋರ್ಟ್ ನವೀಕರಣ ನೇರವಾಗಿ ತಮ್ಮ ವ್ಯಾಪ್ತಿಗೆ ಬರುವ ವಿಷಯ. 5 ವರ್ಷದ ವೀಸಾದ ನಡುವೆ ಅನೇಕರ ಪಾಸ್‌ಪೋರ್ಟ್ ಅವಧಿ ಮುಗಿಯುತ್ತದೆ. ಹೊಸ ಪುಸ್ತಕ ಕೈಗೆ ಬಂದ ದಿನದಿಂದ ವಲಸೆ ಇಲಾಖೆಯ ಪೋರ್ಟಲ್‌ಗೆ ಆ ವ್ಯಕ್ತಿ ಅಪರಿಚಿತರು, ಯಾಕೆಂದರೆ ಪ್ರವೇಶದ ದಾಖಲೆ ಇರುವುದು ಹಳೆಯ ಸಂಖ್ಯೆಯಲ್ಲಿ. ಹಳೆಯ ಪುಸ್ತಕದ ಪ್ರವೇಶ ಮುದ್ರೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಲು ಎರಡನ್ನೂ ಹಿಡಿದು ವಲಸೆ ಕಚೇರಿಗೆ ಹೋಗಬೇಕು. ಆಮೇಲಿನ ಮೊದಲ 90 ದಿನಗಳ ವರದಿಯನ್ನು ಖುದ್ದಾಗಿ ಅಥವಾ ಬೇರೊಬ್ಬರಿಗೆ ಅಧಿಕಾರ ಕೊಟ್ಟು ಕಚೇರಿಯಲ್ಲೇ ಸಲ್ಲಿಸಬೇಕು, ಅದಾದ ಮೇಲಷ್ಟೇ ಆನ್‌ಲೈನ್ ಮತ್ತೆ ತೆರೆಯುತ್ತದೆ. ವೀಸಾ ಹಳೆಯ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ಪ್ರಯಾಣದಲ್ಲೂ ಎರಡೂ ಪುಸ್ತಕ ಜೊತೆಗಿರಬೇಕು. ಹೊಸ ಪಾಸ್‌ಪೋರ್ಟ್ ಪಡೆದ ಖುಷಿಯಲ್ಲಿ ಇದನ್ನು ಯೋಚಿಸುವವರು ಕಡಿಮೆ. ಪಾಸ್‌ಪೋರ್ಟ್ ಕೈಗೆ ಕೊಡುವಾಗಲೇ ಒಂದು ಹಾಳೆಯಲ್ಲಿ ಇಷ್ಟು ಬರೆದು ಒಳಗಿಟ್ಟರೆ ಎಷ್ಟೋ ಜನರ ದಂಡ ಉಳಿಯುತ್ತದೆ.

ವಂಚನೆಯ ವಿಷಯ ಚುಟುಕಾಗಿ. 2025ರ ಮೇ 1ರಿಂದ ಒಳಬರುವ ಪ್ರತಿ ವಿದೇಶಿಯೂ ಬರುವ ಮುನ್ನ 3 ದಿನದೊಳಗೆ ಟಿಡಿಎಸಿ ಎಂಬ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಟಿಎಂ 30ಕ್ಕೂ ಇಲ್ಲ, ಟಿಎಂ 47ಕ್ಕೂ ಇಲ್ಲ. ಆದರೂ ಹುಡುಕಾಟದಲ್ಲಿ ಮೇಲೆ ಬರುವ ನಕಲಿ ಜಾಲತಾಣಗಳು ಆಗಮನ ಪತ್ರಕ್ಕೆ ಹಣ ಕೀಳುತ್ತಿವೆ, ಜೊತೆಗೆ ಪಾಸ್‌ಪೋರ್ಟ್ ವಿವರವೂ ಅವರ ಕೈಸೇರುತ್ತದೆ. ವಲಸೆ ಇಲಾಖೆಯ ಸಹಾಯವಾಣಿ 1178. ಈ ಒಂದು ಸಂಖ್ಯೆ ಗೊತ್ತಿದ್ದರೂ ಎಷ್ಟೋ ಜನ ಏಜೆಂಟರ ಬಾಗಿಲು ತಟ್ಟುವುದು ತಪ್ಪುತ್ತದೆ.

ಇವೆಲ್ಲವನ್ನೂ ಮುಂದಿಟ್ಟುಕೊಂಡು ತಮ್ಮಲ್ಲಿ ಕೆಲವು ಬೇಡಿಕೆಗಳು.

ಎಲ್ಲಕ್ಕಿಂತ ಮೊದಲು, ಥಾಯ್ ವಲಸೆ ಇಲಾಖೆಯೊಂದಿಗಿನ ಮಾತುಕತೆಯಲ್ಲಿ ಟಿಎಂ 30 ವಿಷಯವನ್ನು ಎತ್ತಿ. 4ನೇ ಕಲಮಿನ ವ್ಯಾಖ್ಯೆಯಂತೆ, ಸಹಿಯಾದ ಕರಾರುಪತ್ರ ಮತ್ತು ಪಾಸ್‌ಪೋರ್ಟ್ ಎರಡನ್ನೇ ಆಧಾರವಾಗಿಟ್ಟುಕೊಂಡು ಬಾಡಿಗೆದಾರರು ಸ್ವತಃ ನೋಂದಾಯಿಸಿಕೊಳ್ಳಲು ಬಿಡಬೇಕು ಎಂದು ಕೇಳಿ. ಅದು ಆಗದಿದ್ದರೆ ಕನಿಷ್ಠ ಪಕ್ಷ, ಮಾಲೀಕರ ಟಿಎಂ 30 ಬಾಕಿ ಇದ್ದರೂ ಬಾಡಿಗೆದಾರರ 90 ದಿನಗಳ ವರದಿಯನ್ನು ಗಡುವಿನೊಳಗೆ ಸ್ವೀಕರಿಸಿ, ಮಾಲೀಕರ ತಪ್ಪನ್ನು ಮಾಲೀಕರಿಂದಲೇ ವಸೂಲಿ ಮಾಡುವಂತೆ ಕೇಳಿ. 2020ರ ಸಡಿಲಿಕೆಯನ್ನು ಎಲ್ಲ ಪ್ರಾಂತ್ಯಗಳಲ್ಲೂ ಒಂದೇ ರೀತಿ ಪಾಲಿಸಬೇಕೆಂಬ ಮಾತನ್ನೂ ಅದರ ಜೊತೆಗೇ ಇಡಿ.

ಕುಲನಾಮವಿಲ್ಲದ ಭಾರತೀಯ ಪಾಸ್‌ಪೋರ್ಟನ್ನು ಟಿಡಿಎಸಿ, ಟಿಎಂ 30, ಟಿಎಂ 47 ಈ ಮೂರರಲ್ಲೂ ಹೇಗೆ ತುಂಬಬೇಕು ಎಂಬುದಕ್ಕೆ ಇಲಾಖೆಯಿಂದ ಲಿಖಿತ ಉತ್ತರ ತರಿಸಿಕೊಂಡು ಪ್ರಕಟಿಸಿ. ಇದು ಒಂದು ಪತ್ರದಿಂದ ಆಗಬಹುದಾದ ಕೆಲಸ, ಖರ್ಚಿಲ್ಲದ್ದು.

ರಾಯಭಾರ ಕಚೇರಿಯ ಜಾಲತಾಣದಲ್ಲಿ ದೀರ್ಘಕಾಲ ಇರುವವರಿಗಾಗಿಯೇ ಒಂದು ಪುಟವಿರಲಿ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿರಲಿ. ನಿಯಮದ ಪಠ್ಯವಲ್ಲ ಬೇಕಾದದ್ದು. ಒಳಬಂದ ದಿನಾಂಕ ಕೊಟ್ಟರೆ 90ನೆಯ ದಿನ, ಅವಕಾಶ ತೆರೆಯುವ ದಿನ, ಆನ್‌ಲೈನ್ ಮುಗಿಯುವ ದಿನ, ಥಾಯ್ ರಜೆಗಳನ್ನು ಕಳೆದು ಕಚೇರಿಯ ಕೊನೆಯ ಕೆಲಸದ ದಿನ, 180ನೆಯ ದಿನ, ಈ ಐದನ್ನು ಲೆಕ್ಕ ಹಾಕಿ ತೋರಿಸುವ ಪಟ್ಟಿ ಬೇಕು. ಬಾಡಿಗೆ ಕರಾರಿನಲ್ಲಿ ಸೇರಿಸಿಕೊಳ್ಳಬಹುದಾದ ಒಂದು ಷರತ್ತನ್ನು, 24 ಗಂಟೆಯೊಳಗೆ ಟಿಎಂ 30 ಸಲ್ಲಿಸಿ ಚೀಟಿಯ ನಕಲು ಕೊಡುವುದು ಮಾಲೀಕರ ಹೊಣೆ, ತಪ್ಪಿದರೆ ದಂಡ ಅವರದೇ ಎಂಬುದನ್ನು, ಥಾಯ್ ಭಾಷೆಯಲ್ಲಿ ಬರೆಸಿ ಅಲ್ಲಿ ಹಾಕಿ. ಮುಂಗಡ ಕೊಡುವ ಮೊದಲು ಆ ಸಾಲನ್ನು ಮಾಲೀಕರ ಮುಂದಿಟ್ಟರೆ ಒಪ್ಪುವವರು ಯಾರು, ಜಾರಿಕೊಳ್ಳುವವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ. ಕೀಲಿಕೈ ತೆಗೆದುಕೊಂಡ ಮೇಲೆ ಕೇಳಿದರೆ ಉತ್ತರ ಬರುವುದಿಲ್ಲ.

ಪಾಸ್‌ಪೋರ್ಟ್ ನವೀಕರಣದ ಹಾಳೆಯ ವಿಷಯ ಮೇಲೆಯೇ ಹೇಳಿದ್ದೇನೆ. ಚಿಯಾಂಗ್ ಮಾಯ್‌ನಲ್ಲಿರುವ ನಮ್ಮ ಕಾನ್ಸುಲೇಟ್ ಮೂಲಕವೂ ಅದೇ ಹಾಳೆ ಸಿಗುವಂತಾಗಲಿ. ದೂರದಿಂದ ಕೆಲಸ ಮಾಡುವವರು ಬ್ಯಾಂಕಾಕ್‌ನಲ್ಲಷ್ಟೇ ಅಲ್ಲ, ಅಲ್ಲಿಯೂ ಇದ್ದಾರೆ.

ಈ ಪತ್ರಕ್ಕೆ ಕಚೇರಿಯ ಕಡೆಯಿಂದ ಸಿಗುವ ಉತ್ತರವನ್ನು, ಮುಖ್ಯವಾಗಿ ಟಿಎಂ 30 ಮತ್ತು ಕುಲನಾಮದ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರವನ್ನು, ಎಲ್ಲ ಭಾರತೀಯರಿಗೂ ಕಾಣುವಂತೆ ಬಹಿರಂಗವಾಗಿಯೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ,
ಡಿಟಿವಿ ವೀಸಾದಲ್ಲಿ ಥಾಯ್ಲೆಂಡ್‌ನಲ್ಲಿರುವ ಒಬ್ಬ ಕನ್ನಡಿಗ